ಗುರುವಾರ ಹನ್ನೊಂದಕ್ಕೆ ಅಣುಯುದ್ಧ

ಜಗದೇವಪ್ಪ ಹೇಳಿದ್ದು ಒಂದೇ ವಾಕ್ಯ. ಅದೂ ಸುಳ್ಳಾಗಿರಲಿಲ್ಲ.

೧೯೯೯ರ ಮೇ ತಿಂಗಳ ಕೊನೆಯ ಭಾನುವಾರ ಲಂಡನ್ನಿನ ಕಿಂಗ್ಸ್‌ಬರಿಯ ಶಾಲೆಯೊಂದರ ಹಾಲಿನಲ್ಲಿ ಕನ್ನಡ ಸಂಘದವರ ಊಟ ನಡೆದಿತ್ತು. ಚಳಿಗಾಲದಲ್ಲಿ ಖಾಲಿ ಬಿಟ್ಟಿದ್ದ ಕಾರ್ಗಿಲ್‌ನ ಶಿಖರಗಳನ್ನು ಪಾಕಿಸ್ತಾನದ ಕಡೆಯವರು ಸದ್ದಿಲ್ಲದೆ ಹತ್ತಿ ಕುಳಿತದ್ದು ಬಯಲಾಗಿ, ಭಾರತದ ವಿಮಾನಗಳು ಅಲ್ಲಿ ಬಾಂಬು ಸುರಿಯತೊಡಗಿ ನಾಲ್ಕು ದಿನವಾಗಿತ್ತು. ಎರಡೂ ದೇಶಗಳು ಹಿಂದಿನ ವರ್ಷವಷ್ಟೇ ಅಣುಬಾಂಬು ಸಿಡಿಸಿ ಜಗತ್ತಿಗೆ ತೋರಿಸಿದ್ದವು. ಹೀಗಾಗಿ ಬಿಸಿಬೇಳೆ ಭಾತಿನ ಮುಂದೆ ಬೇರೆ ಮಾತೇ ಇರಲಿಲ್ಲ. ಸಂಘದ ಕಾರ್ಯದರ್ಶಿ ಚಂದ್ರಶೇಖರ್, ಕ್ಯಾನರಿ ವಾರ್ಫಿನ ಬ್ಯಾಂಕೊಂದರಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದ ಬೆಂಗಳೂರಿನ ತರುಣ, ತಟ್ಟೆ ಹಿಡಿದೇ ಎಲ್ಲರಿಗೂ ಯುದ್ಧ ವಿವರಿಸುತ್ತಿದ್ದ. ಅಣುಬಾಂಬು ನಿಜಕ್ಕೂ ಹೇಗೆ ಸಿಡಿಯುತ್ತದೆ ಎನ್ನುವಲ್ಲಿಗೆ ಬಂದಾಗ ಅವನ ಮಾತು ತಡವರಿಸಿತು.

ಆಗ ಜಗದೇವಪ್ಪ ಬೆರಳಿನ ಉಪ್ಪಿನಕಾಯಿ ನೆಕ್ಕುತ್ತ, ಯಾರಿಗೂ ಅಲ್ಲವೆಂಬಂತೆ ಅಂದ: "ಎಪ್ಪತ್ನಾಲ್ಕರಾಗ ನಾ ಪೋಖ್ರಾನದಾಗ ಡ್ಯೂಟಿ ಮ್ಯಾಲ ಇದ್ದೆ."

ಇಡೀ ಮೇಜು ಅವನ ಕಡೆ ತಿರುಗಿತು.

"ಸರ್! ಫಸ್ಟ್ ಟೆಸ್ಟ್ ಆದಾಗಲಾ? ಏನ್ ಮಾಡ್ತಿದ್ರಿ ಸರ್ ನೀವಲ್ಲಿ?" ಚಂದ್ರಶೇಖರ್ ಕೇಳಿದ.

"ಅದನ್ನ ಹೇಳಾಕ ಬರಂಗಿಲ್ರಿ."

ಹೇಳಲು ಬಾರದ್ದಕ್ಕೆ ಕಾರಣವಿತ್ತು. ವಿಜಾಪುರದ ಜಗದೇವಪ್ಪ ಸೈನ್ಯದಲ್ಲಿ ಡ್ರೈವರ್ ಆಗಿದ್ದವನು. ಪೋಖ್ರಾನದ ಮರುಭೂಮಿಯಲ್ಲಿ ಗುಂಡಿ ತೋಡುತ್ತಿದ್ದವರಿಗೆ ಟ್ಯಾಂಕರಿನಲ್ಲಿ ನೀರು ಹೊತ್ತು ಹಾಕಿದವನು. ಗುಂಡಿ ಯಾತಕ್ಕೆಂದು ಅವನಿಗೆ ಯಾರೂ ಹೇಳಿರಲಿಲ್ಲ, ಅವನೂ ಕೇಳಿರಲಿಲ್ಲ. ಬಾಂಬು ಸಿಡಿದ ದಿನ ಅವನು ಬಹು ದೂರದಲ್ಲಿ, ರಸ್ತೆ ಪಕ್ಕ ಟ್ಯಾಂಕರಿನ ಕೆಳಗೆ ಅಂಗಾತ ಮಲಗಿ ಗೇರ್‌ಬಾಕ್ಸ್ ಬಿಚ್ಚುತ್ತಿದ್ದ. ಸೈನ್ಯ ಬಿಟ್ಟ ಮೇಲೆ, ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಹೆಂಡತಿ ಕಾಶವ್ವನ ಹಿಂದೆ ಲಂಡನ್ನಿಗೆ ಬಂದ. ಪಾರ್ಕ್ ರಾಯಲ್‌ನ ಬ್ರೆಡ್ ಕಾರ್ಖಾನೆಯಲ್ಲಿ ಲಾರಿಗಳಿಗೆ ಟ್ರೇ ಎಣಿಸಿ ಏರಿಸುವ ಕೆಲಸದಲ್ಲಿ ಇಪ್ಪತ್ತು ವರ್ಷ ಕಳೆದಿದ್ದ. ಆ ಇಪ್ಪತ್ತು ವರ್ಷಗಳಲ್ಲಿ ಒಂದು ಮೇಜಿನ ಜನರೆಲ್ಲ ಉಣ್ಣುವುದು ಬಿಟ್ಟು ಅವನ ಮುಖ ನೋಡಿದ್ದು ಅದೇ ಮೊದಲು.

ಎದುರಿಗೆ ಕೂತಿದ್ದ ಕಾಶವ್ವ ಹಪ್ಪಳವನ್ನು ಸ್ವಲ್ಪ ಜೋರಾಗಿಯೇ ಮುರಿದಳು.

ಚಂದ್ರಶೇಖರ್ ಸುಮ್ಮನಿರುವವನಲ್ಲ. ಪಾರ್ಕ್ ರಾಯಲ್‌ನ ಮಸಾಲೆ ಗೋದಾಮೊಂದರ ಮೇಲಿನ ಎರಡು ಕೋಣೆಗಳಲ್ಲಿ ಗುಲ್ಮೊಹರ್ ರೇಡಿಯೋ ಎಂಬ ಹಿಂದಿ ಕೇಂದ್ರವಿತ್ತು. ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಅಲ್ಲಿ ಶೋಭಾ ಎಂಬ ಗುಜರಾತಿ ಹೆಂಗಸು ಕೇಳುಗರ ಫೋನ್ ತೆಗೆದುಕೊಂಡು ಚರ್ಚೆ ನಡೆಸುತ್ತಿದ್ದಳು. ಚಂದ್ರಶೇಖರ್ ಅವಳಿಗೆ ಫೋನ್ ಮಾಡಿದ. "ನಮ್ಮಲ್ಲೊಬ್ಬರು ಇದ್ದಾರೆ, ಪೋಖ್ರಾನಿನವರು" ಎಂದ. ಶೋಭಾ ಮರುದಿನವೇ ಜಗದೇವಪ್ಪನ ಮನೆಗೆ ಫೋನ್ ಮಾಡಿದಳು. ಅವನ ಕೆಲಸ ಮಧ್ಯಾಹ್ನದ ಪಾಳಿ. ಗುರುವಾರ ಬೆಳಿಗ್ಗೆ ಬಿಡುವಿದೆ ಎಂದು ಅವನೇ ಹೇಳಿಬಿಟ್ಟ.

"ಅಲ್ಲಿ ಹೋಗಿ ಏನ್ ಹೇಳಾವ್ರ ನೀವು?" ಕಾಶವ್ವ ಕೇಳಿದಳು.

"ಸೌಜನ್ಯಾ ಬರ್ದು ಕೊಡ್ತಾಳ."

ಮಗಳು ಸೌಜನ್ಯಾ ವಿಶ್ವವಿದ್ಯಾಲಯದಲ್ಲಿ ರಾಜಕೀಯ ಶಾಸ್ತ್ರ ಓದುತ್ತಿದ್ದಳು. ಅಪ್ಪ ತನ್ನ ಓದಿನ ಬಗ್ಗೆ ಆಸಕ್ತಿ ತೋರಿಸಿದ್ದೇ ಮೊದಲಾದ್ದರಿಂದ, ಉತ್ಸಾಹದಿಂದ ನಾಲ್ಕು ಹಾಳೆ ಬರೆದುಕೊಟ್ಟಳು. "ಅಪ್ಪಾ, ಡಿಟರೆನ್ಸ್ ಅಂದ್ರೆ ಯು ಡೋಂಟ್ ಯೂಸ್ ಇಟ್. ನೀನು ಹೊಡದ್ರ ನಾನೂ ಹೊಡೀತೀನಿ ಅಂತ ಅವ್ರಿಗೆ ಗೊತ್ತಿರಬೇಕು, ಅಷ್ಟೇ. ಸೋ ನೋಬಡಿ ಹಿಟ್ಸ್ ಎನಿಬಡಿ."

"ಅಂದ್ರ ಹೆದರಸೂದು."

"ಕೈಂಡಾಫ್. ಬಟ್ ಬೋತ್ ಸೈಡ್ಸ್."

ಕೊನೆಯ ಮಾತು ಜಗದೇವಪ್ಪನ ಕಿವಿಗೆ ಬೀಳಲಿಲ್ಲ.

ಜೂನ್ ಮೂರರ ಗುರುವಾರ ಅವನು ಮಗಳ ಮದುವೆಗೆಂದು ಹೊಲಿಸಿಟ್ಟಿದ್ದ ಸೂಟ್ ಹಾಕಿಕೊಂಡು ಹೋದ. ಗೋದಾಮಿನ ಮೆಟ್ಟಿಲು ಹತ್ತುವಾಗಲೇ ಜೀರಿಗೆ ಘಾಟಿಗೆ ಎರಡು ಸಲ ಸೀನಿದ. ಒಳಗೆ ಮೈಕಿನ ಆಚೆ ಬದಿಗೆ ಇನ್ನೊಬ್ಬ ಅತಿಥಿ ಕೂತಿದ್ದ: ಬಿಳಿ ಮೀಸೆ, ಗರಿಗರಿಯಾದ ಕೋಟು, ನೇರ ಬೆನ್ನು. "ಮೇಜರ್ ಇನಾಯತ್ ಮಿರ್ಜಾ," ಎಂದು ಶೋಭಾ ಪರಿಚಯಿಸಿದಳು. "ರಾವಲ್ಪಿಂಡಿಯವರು. ಕಹೂತಾದ ಅಣು ಪ್ರಯೋಗಾಲಯದ ಒಳಗೆ ಎಷ್ಟೋ ಸಲ ಹೋಗಿ ಬಂದವರು."

ಆ ವಾರವೇ ಪಾಕಿಸ್ತಾನದ ದೊಡ್ಡ ಅಧಿಕಾರಿಯೊಬ್ಬರು, ದೇಶದ ರಕ್ಷಣೆಗೆ ನಮ್ಮಲ್ಲಿರುವ ಯಾವ ಅಸ್ತ್ರವನ್ನೂ ಬಳಸಲು ಹಿಂಜರಿಯುವುದಿಲ್ಲ ಎಂದಿದ್ದರು. ಶೋಭಾ ಅದನ್ನೇ ಕೇಳಿದಳು.

"ಯಾವ ಅಸ್ತ್ರವನ್ನೂ ಎಂದರೆ ಯಾವ ಅಸ್ತ್ರವನ್ನೂ," ಎಂದು ಮಿರ್ಜಾ ತಣ್ಣಗೆ ಹೇಳಿದ. "ನಾನು ಆ ವಿಜ್ಞಾನಿಗಳನ್ನು ಬಹಳ ಹತ್ತಿರದಿಂದ ಬಲ್ಲೆ. ಅವರ ಅಳತೆ ಎಂದೂ ತಪ್ಪುವುದಿಲ್ಲ."

ಜಗದೇವಪ್ಪ ಗಂಟಲು ಸರಿಪಡಿಸಿಕೊಂಡ. ಮಗಳ ಹಾಳೆಗಳು ಮೊಣಕಾಲ ಮೇಲಿದ್ದವು, ಆದರೆ ಕನ್ನಡಕ ಮನೆಯಲ್ಲಿತ್ತು. "ನಾವು ಮೊದಲು ಹೊಡೆಯುವುದಿಲ್ಲ," ಎಂದ. ಅದು ಬಾಯಿಪಾಠವಾಗಿತ್ತು. ಮುಂದಿನದು ತನ್ನದೇ: "ಎರಡನೆಯದಾಗಿ ಹೊಡೆದ ಮೇಲೆ ಮೂರನೆಯದು ಬೇಕಾಗುವುದಿಲ್ಲ."

ಅವನ ವಿಜಾಪುರದ ಹಿಂದಿ ಕೇಳಿ ಮಿರ್ಜಾನ ಮೀಸೆ ಕೊಂಚ ಅಲುಗಿತು. ಫೋನಿನ ದೀಪಗಳು ಮಾತ್ರ ಎಲ್ಲವೂ ಒಟ್ಟಿಗೆ ಹತ್ತಿದವು. ಸೌತಾಲ್, ವೆಂಬ್ಲಿ, ಇಲ್ಫರ್ಡ್, ಲಂಡನ್ನಿನ ಎಲ್ಲ ಕಡೆಯಿಂದ ಜನ. ಶೋಭಾ ಗಾಜಿನ ಹಿಂದಿನಿಂದ ಇಬ್ಬರಿಗೂ ಹೆಬ್ಬೆರಳು ಎತ್ತಿ ತೋರಿಸಿದಳು.

ಮುಂದಿನ ಗುರುವಾರದ ಹೊತ್ತಿಗೆ ಯುದ್ಧದ ಜ್ವರ ಇನ್ನೂ ಏರಿತ್ತು. ಎರಡು ದಿನ ಮೊದಲು ಮ್ಯಾಂಚೆಸ್ಟರಿನಲ್ಲಿ ವಿಶ್ವಕಪ್ಪಿನ ಪಂದ್ಯದಲ್ಲಿ ಭಾರತ ಪಾಕಿಸ್ತಾನವನ್ನು ಸೋಲಿಸಿತ್ತು. ಬ್ರೆಡ್ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಒಂದೇ ಬೆಂಚಿನಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದ ಭಾರತ, ಪಾಕಿಸ್ತಾನದವರು ಈಗ ಎರಡು ಬೆಂಚಾಗಿದ್ದರು. ಜಗದೇವಪ್ಪ ಎಲ್ಲಿ ಕೂತರೂ ಅವನ ಸುತ್ತ ಗುಂಪು. ಟ್ರೇ ಎಣಿಸುವವನನ್ನು ಜನ "ಸಾಹೇಬ್ರೇ" ಎನ್ನತೊಡಗಿದ್ದರು.

ಆ ದಿನ ಕೇಳುಗನೊಬ್ಬ ಕ್ಷಿಪಣಿ ತಲುಪಲು ಎಷ್ಟು ಹೊತ್ತು ಬೇಕು ಎಂದು ಕೇಳಿದ. ಜಗದೇವಪ್ಪನಿಗೆ ಏನೂ ತಿಳಿದಿರಲಿಲ್ಲ. "ಏಳು ನಿಮಿಷ," ಎಂದುಬಿಟ್ಟ.

"ನಮ್ಮದು ಆರು," ಎಂದ ಮಿರ್ಜಾ.

"ನಾನು ಹೇಳಿದ್ದು ಹಳೆಯ ಕ್ಷಿಪಣಿಯದು. ಹೊಸದು ಐದು."

"ನಾಲ್ಕೂವರೆ."

ಆಗ ಒಂದು ಮುದಿ ದನಿ ಲೈನಿಗೆ ಬಂತು. ಸೌತಾಲಿನ ಸತ್ವಂತ್ ಕೌರ್. "ಬೇಟಾ, ನನ್ನ ತಂಗಿ ಜಮ್ಮುವಿನಲ್ಲಿದ್ದಾಳೆ," ಎಂದಳು. "ಮೂರನೆಯ ಮಹಡಿ. ಮೊಣಕಾಲು ನೋವು. ಅವಳು ಕೆಳಗಿಳಿಯುವುದಕ್ಕೇ ಹತ್ತು ನಿಮಿಷ ಬೇಕು. ನಾಲ್ಕೂವರೆಯಲ್ಲಿ ಆಗುವುದಿಲ್ಲವಲ್ಲ. ಅವಳಿಗೆ ಏನು ಹೇಳಲಿ?"

ಮಿರ್ಜಾ ಮೇಜಿನ ಅಂಚನ್ನು ಉಗುರಿನಿಂದ ಕೆರೆದ. ಜಗದೇವಪ್ಪ ನೀರು ಕುಡಿದ. ಶೋಭಾ ಅವಸರದಲ್ಲಿ ಒಂದು ಹಾಡು ಹಾಕಿದಳು.

ಆ ಪ್ರಶ್ನೆ ಜಗದೇವಪ್ಪನನ್ನು ಬಸ್ಸಿನಲ್ಲಿ ಒಂದಿಷ್ಟು ಕಾಡಿತು. ಆದರೆ ಬಸ್ ಡ್ರೈವರನೇ ಅವನ ದನಿ ಗುರುತು ಹಿಡಿದು ಕೈಕುಲುಕಿದ್ದರಿಂದ, ಇಳಿಯುವಷ್ಟರಲ್ಲಿ ಮರೆತುಹೋಯಿತು.

ಮೂರನೆಯ ಗುರುವಾರ ಅವನಿಗೆ ಒಂದು ನಿಧಿ ಸಿಕ್ಕಿತು. ಗೋದಾಮಿನ ಮೆಟ್ಟಿಲ ಮೇಲೆ ಯಾರೋ ಇಟ್ಟಿದ್ದ ಅರಿಶಿನದ ಮೂಟೆಯನ್ನು ದಾಟಲು ಕಾಲು ಅಗಲಿಸಿದಾಗ ಪ್ಯಾಂಟಿನ ಹಿಂಬದಿಯ ಹೊಲಿಗೆ ಪರ್ರನೆ ಬಿಟ್ಟಿತು. ಕಾರ್ಯಕ್ರಮಕ್ಕೆ ಹತ್ತು ನಿಮಿಷವಿತ್ತು. ಜಗದೇವಪ್ಪ ಎರಡೂ ಕೈ ಹಿಂದಿಟ್ಟುಕೊಂಡು ಗೋಡೆಗೆ ಒರಗಿ ನಿಂತ. ಅಷ್ಟರಲ್ಲಿ ಮೇಲೆ ಬಂದ ಮಿರ್ಜಾ ಒಂದು ನೋಟದಲ್ಲೇ ಎಲ್ಲ ತಿಳಿದುಕೊಂಡ.

"ತಿರುಗಿ," ಎಂದ.

ಜಗದೇವಪ್ಪ ತಿರುಗಿದ. ಮಿರ್ಜಾ ಕೋಟಿನ ಮಡಿಕೆಯ ಒಳಗಿಂದ ಸೂಜಿ, ಕಿಸೆಯಿಂದ ಕರಿಯ ದಾರದ ಉಂಡೆ ತೆಗೆದು, ಮಂಡಿಯೂರಿ ಕೂತು ಹೊಲಿಯತೊಡಗಿದ. ಮೈಗೆ ಒಮ್ಮೆಯೂ ಸೂಜಿ ತಾಗಲಿಲ್ಲ. ಎರಡು ನಿಮಿಷದಲ್ಲಿ ಗಂಟು ಹಾಕಿ ದಾರವನ್ನು ಹಲ್ಲಿನಿಂದ ಕಡಿದ. "ಕೆಟ್ಟ ದರ್ಜಿ," ಎಂದ, ತನ್ನಷ್ಟಕ್ಕೆ ಎಂಬಂತೆ. "ಕೂರುವ ಕಡೆ ಜೋಡು ಹೊಲಿಗೆ ಹಾಕಿಲ್ಲ. ಕಹೂತಾದಲ್ಲಿ ಇಂಥದ್ದನ್ನು ಹೊಲಿದಿದ್ದರೆ ನನಗೆ ಗೇಟಿನೊಳಗೆ…"

ಅಲ್ಲಿಗೆ ನಿಲ್ಲಿಸಿದ. ತಡವಾಗಿತ್ತು.

"ಮೇಜರ್ ಸಾಹೇಬ್," ಎಂದ ಜಗದೇವಪ್ಪ, ಮೆತ್ತಗೆ. "ನೀವು ದರ್ಜಿ."

ಮಿರ್ಜಾ ಸೂಜಿಯನ್ನು ಮತ್ತೆ ಕೋಟಿಗೆ ಚುಚ್ಚಿಕೊಂಡ.

ಆ ದಿನದ ಕಾರ್ಯಕ್ರಮ ಜಗದೇವಪ್ಪನ ಬದುಕಿನ ಅತಿ ಸುಖದ ಒಂದು ಗಂಟೆ. ಮಿರ್ಜಾ ಬಾಯಿ ತೆರೆದಾಗಲೆಲ್ಲ ಅವನು "ಕೆಲವರ ಮಾತಿನ ಹೊಲಿಗೆ ಬಲು ನಯ" ಎನ್ನುವನು, ಮಿರ್ಜಾ ಥಟ್ಟನೆ ಒಪ್ಪಿಕೊಳ್ಳುವನು. ಶಿಖರಗಳನ್ನು ಬಿಟ್ಟು ಇಳಿಯಬೇಕು ಎಂದರೆ, ಇಳಿಯಬಹುದು. ತಪ್ಪು ನಿಮ್ಮದೇ ಎಂದರೆ, ಇರಬಹುದು. ಶೋಭಾಗೆ ಅರ್ಥವೇ ಆಗಲಿಲ್ಲ.

ಮನೆಗೆ ಬಂದು ಅವನು ಎಲ್ಲವನ್ನೂ ನಗುನಗುತ್ತ ಹೇಳಿದ. "ಮುಂದಿನ ಗುರುವಾರ ಹೇಳೇ ಬಿಡ್ತೀನಿ. ಕಹೂತಾದಾಗ ಸೈಂಟಿಸ್ಟ್‌ಗಳ ಸೊಂಟ ಅಳಿಯಾಂವ ಇದ್ದ ಅಂತ. ಮುಗೀತ ಅವನ ಕಥಿ."

"ಅಪ್ಪಾ, ದಟ್ಸ್ ನಾಟ್ ಡಿಟರೆನ್ಸ್," ಎಂದಳು ಸೌಜನ್ಯಾ. "ದಟ್ಸ್ ಬ್ಲ್ಯಾಕ್‌ಮೇಲ್."

"ನಿಮ್ಮ ಪ್ಯಾಂಟ್ ಹೊಲದಾನ ಅಂವ," ಎಂದಳು ಕಾಶವ್ವ. "ಅವಂಗೂ ಹೆಂಡ್ತಿ ಮಕ್ಕಳು ಇದ್ದಾರು. ಅವ್ರೂ ರೇಡಿಯೋ ಕೇಳ್ತಿರಬೇಕು."

"ಯುದ್ಧ ಅಂದ್ರ ಯುದ್ಧ, ಕಾಶವ್ವಾ."

"ಹಂಗೇನ್ರಿ," ಎಂದಳು ಕಾಶವ್ವ, ಪಾತ್ರೆ ತೊಳೆಯಲು ಎದ್ದಳು.

ಜೂನ್ ಇಪ್ಪತ್ತನಾಲ್ಕರಂದು ಜಗದೇವಪ್ಪ ಮೈಕಿನ ಮುಂದೆ ಕೂತಾಗ ಅವನ ಮುಖದ ಕಳೆಯೇ ಬೇರೆ. ಶೋಭಾ ನಮಸ್ಕಾರ ಹೇಳಿದ್ದೇ ತಡ, ಶುರುಮಾಡಿದ: "ಇವತ್ತು ಕೇಳುಗರಿಗೆ ಕಹೂತಾದ ಒಂದು ರಹಸ್ಯ ಹೇಳಬೇಕಾಗಿದೆ."

"ಖಂಡಿತ ಹೇಳಿ," ಎಂದ ಮಿರ್ಜಾ. ಅವನ ಬೆನ್ನು ಮತ್ತೆ ನೇರವಾಗಿತ್ತು. "ಅದಕ್ಕಿಂತ ಮೊದಲು ನನ್ನದೊಂದು ಸಣ್ಣ ಪ್ರಶ್ನೆ. ಪೋಖ್ರಾನದಲ್ಲಿ ತಾವು ಇದ್ದಿರಲ್ಲ. ಅಲ್ಲಿಗೆ ನೀರು ಹೇಗೆ ಬರುತ್ತಿತ್ತು?"

ಜಗದೇವಪ್ಪನ ಬಾಯಿ ತೆರೆದದ್ದು ತೆರೆದೇ ಇತ್ತು.

"ನೀರು?" ಎಂದಳು ಶೋಭಾ.

"ಹೌದು, ನೀರು," ಎಂದ ಮಿರ್ಜಾ. "ಜನಾಬ್ ಅವರಿಗೆ ಆ ವಿಷಯ ಬೇರೆ ಯಾರಿಗಿಂತಲೂ ಚೆನ್ನಾಗಿ ಗೊತ್ತು. ಒಂದು ಸಲಕ್ಕೆ ಎಷ್ಟು ಗ್ಯಾಲನ್?"

"ಸಾವಿರ," ಎಂಬ ಉತ್ತರ ಜಗದೇವಪ್ಪನ ಅಪ್ಪಣೆಯಿಲ್ಲದೆಯೇ ಹೊರಬಿತ್ತು. ಸೈನ್ಯದ ಅಭ್ಯಾಸ.

ಶೋಭಾಳ ಕಣ್ಣುಗಳು ಅಗಲವಾದವು. "ಕೇಳುಗರೇ," ಎಂದು ಪಿಸುಗುಟ್ಟಿದಳು, "ಇವರು ಮಾತಾಡುತ್ತಿರುವುದು ಅಣು ರಿಯಾಕ್ಟರಿನ ಭಾರಜಲದ ಬಗ್ಗೆ!"

"ಬಹಳ ಭಾರ," ಎಂದ ಜಗದೇವಪ್ಪ, ಬೆವರು ಒರೆಸಿಕೊಳ್ಳುತ್ತ. "ಏರು ಬಂದರೆ ಎರಡನೇ ಗೇರಿನಲ್ಲೇ ಹೋಗಬೇಕು."

"ಕಹೂತಾದ ರಹಸ್ಯ ಏನೋ ಹೇಳುವವರಿದ್ದಿರಿ?" ಎಂದ ಮಿರ್ಜಾ.

"ಇಲ್ಲ, ಇಲ್ಲ. ಅದು ಅಷ್ಟು ಮುಖ್ಯವಲ್ಲ."

ಉಳಿದ ಐವತ್ತು ನಿಮಿಷ ಇಬ್ಬರೂ ಎಷ್ಟು ಸಭ್ಯವಾಗಿ ಮಾತಾಡಿದರೆಂದರೆ, ಫೋನಿನ ದೀಪಗಳು ಒಂದೊಂದಾಗಿ ಆರಿದವು.

ಕಾರ್ಯಕ್ರಮ ಮುಗಿದ ಮೇಲೆ ಇಬ್ಬರೂ ಒಟ್ಟಿಗೇ ಇಳಿದು, ಹೇಳಿಕೊಳ್ಳದೆಯೇ, ಲಾರಿ ಡ್ರೈವರುಗಳ ಕೆಫೆಯೊಂದಕ್ಕೆ ಹೊಕ್ಕು ಚಹಾ ತೆಗೆದುಕೊಂಡರು.

"ನಿಮಗೆ ಯಾರು ಹೇಳಿದರು?" ಜಗದೇವಪ್ಪ ಕೇಳಿದ.

"ಯಾರೋ ಹೆಂಗಸು. ಸೋಮವಾರ ರೇಡಿಯೋದವರಿಂದ ನನ್ನ ನಂಬರು ತೆಗೆದುಕೊಂಡು ಫೋನ್ ಮಾಡಿದ್ದಳು. ನೀವು ನೀರಿನ ಟ್ಯಾಂಕರ್ ಓಡಿಸುತ್ತಿದ್ದಿರಿ, ಇದನ್ನು ಇಟ್ಟುಕೊಳ್ಳಿ, ಆದರೆ ಮೊದಲು ಬಳಸಬೇಡಿ ಎಂದಳು. ಹೆಸರು ಕೇಳಿದೆ. 'ಮೇರೆಕು ಜ್ಯಾದಾ ಪೂಛೋ ನಕ್ಕೊ' ಎಂದು ಇಟ್ಟುಬಿಟ್ಟಳು." ಮಿರ್ಜಾ ಮೀಸೆ ತಿರುವಿದ. "ಬೇಡ ಎನ್ನಲು ನಕ್ಕೊ ಎನ್ನುವ ಹಿಂದಿಯನ್ನು ನಾನು ಈ ಊರಿನಲ್ಲಿ ಕೇಳಿದ್ದು ಒಬ್ಬರ ಬಾಯಲ್ಲಿ ಮಾತ್ರ. ನಿಮ್ಮ ಬಾಯಲ್ಲಿ."

ಜಗದೇವಪ್ಪ ಬಹಳ ಹೊತ್ತು ಚಹಾ ಕಲಕಿದ. ಸಿಟ್ಟು ಬರಬೇಕಿತ್ತು, ಬರುತ್ತಲೂ ಇತ್ತು. ಆದರೆ ಎದುರಿಗೆ ಕೂತವನ ಮುಖದಲ್ಲಿ ತನ್ನದೇ ಬೆವರು ಕಂಡು ಅದು ನಡುವೆಯೇ ಕೆಟ್ಟು ನಿಂತಿತು.

"ಮೇಜರ್ ಎಂದು ಯಾಕೆ ಹೇಳಿದಿರಿ?"

"ನಾನು ಹೇಳಲಿಲ್ಲ. ಕಹೂತಾದೊಳಗೆ ಹೋಗಿದ್ದೇನೆ ಎಂದೆ ಅಷ್ಟೇ. ಅವರ ಬಿಳಿ ಕೋಟುಗಳಿಗೆ ಅಳತೆ ತೆಗೆದುಕೊಳ್ಳಲು. ಮೇಜರ್ ಮಾಡಿದ್ದು ಶೋಭಾ. ನಾನು ಬೇಡ ಎನ್ನಲಿಲ್ಲ. ಮನೆಯಲ್ಲಿ ನನ್ನ ಅಳಿಯ ಈಗ ನಾನು ಬಂದರೆ ಎದ್ದು ನಿಲ್ಲುತ್ತಾನೆ."

"ನಾಲ್ಕೂವರೆ ನಿಮಿಷ ಎಲ್ಲಿಂದ ಬಂತು?"

"ನಿಮ್ಮ ಐದರಿಂದ."

ಇಬ್ಬರಿಗೂ ನಗು ಬಂತು, ಬಂದಷ್ಟೇ ಬೇಗ ಹೋಯಿತು. ಇಬ್ಬರಿಗೂ ಒಟ್ಟಿಗೇ ಜಮ್ಮುವಿನ ಮೂರನೆಯ ಮಹಡಿ ನೆನಪಾಗಿತ್ತು.

"ಅವಳಿಗೆ ಯಾರಾದರೂ ಏನಾದರೂ ಹೇಳಬೇಕು," ಎಂದ ಮಿರ್ಜಾ.

ಆ ದಿನ ಪಾಳಿ ಮುಗಿಸಿ ಮನೆಗೆ ಬಂದ ಜಗದೇವಪ್ಪ ಬಾಗಿಲಲ್ಲೇ ನಿಂತು ಕೇಳಿದ: "ವೈರಿ ಕೈಯಾಗ ಬಾಂಬ್ ಕೊಟ್ಟಿ ಅಲ್ಲ ಕಾಶವ್ವಾ?"

"ಕೊಟ್ಟೆ," ಎಂದಳು ಕಾಶವ್ವ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ. "ಒಬ್ಬರ ಕೈಯಾಗ ಇದ್ರ ನೀವು ಸುಮ್ನ ಕುಂದರೂ ಪೈಕಿ ಅಲ್ಲ. ಸೌಜನ್ಯಾ ಹೇಳಿದ್ದು ನೀವು ಅರ್ಧಾನೇ ಕೇಳಿದ್ರಿ, ನಾ ಪೂರಾ ಕೇಳೇನಿ. ಕೈಕಾಲು ತೊಳ್ಕೊಂಡು ಬರ್ರಿ."

ಜುಲೈ ಒಂದರ ಗುರುವಾರ ಶೋಭಾ ಬಹಳ ಕಳವಳದಲ್ಲಿದ್ದಳು. ಹಿಂದಿನ ವಾರದ ಸಭ್ಯತೆ ಕಾರ್ಯಕ್ರಮವನ್ನು ಕೊಂದಿತ್ತು. "ಇವತ್ತಾದರೂ ಸ್ವಲ್ಪ ಕಿಡಿ ಇರಲಿ," ಎಂದು ಇಬ್ಬರಲ್ಲೂ ಬೇಡಿಕೊಂಡಳು. ಮೊದಲ ಫೋನೇ ಸತ್ವಂತ್ ಕೌರಳದು.

"ನನ್ನ ತಂಗಿಯನ್ನು ಕೆಳಗಿನ ಮಹಡಿಗೆ ಕಳಿಸಿದ್ದೇನೆ, ಬೇಟಾ," ಎಂದಳು. "ನೆರೆಯವರ ಮನೆಯಲ್ಲಿ ಮೂರು ವಾರದಿಂದ ಇದ್ದಾಳೆ. ಅವರಿಗೂ ಬೇಸರ ಬಂದಿದೆ. ಇನ್ನೂ ಎಷ್ಟು ದಿನ ಇರಬೇಕು?"

ಮಿರ್ಜಾ ಜಗದೇವಪ್ಪನ ಕಡೆ ನೋಡಿದ. ಏನು ಹೇಳಬೇಕೆಂದು ಅವರು ಮಾತಾಡಿಕೊಂಡಿರಲಿಲ್ಲ. ಜಗದೇವಪ್ಪ ಮೈಕಿನ ಹತ್ತಿರ ಬಗ್ಗಿದ. ಕಾರ್ಖಾನೆಯ ಬೆಂಚು, ಬಸ್ ಡ್ರೈವರಿನ ಕೈ, "ಸಾಹೇಬ್ರೇ" ಎಂಬ ಕರೆ, ಎಲ್ಲ ಒಂದು ಸಲ ಕಣ್ಣ ಮುಂದೆ ಬಂದು ಹೋದವು.

"ತಾಯಿ," ಎಂದ. "ನಾನು ಪೋಖ್ರಾನದಲ್ಲಿ ನೀರಿನ ಲಾರಿ ಡ್ರೈವರ್. ಕ್ಷಿಪಣಿ ಹೇಗಿರುತ್ತದೆ ಎಂದು ಪೇಪರಿನಲ್ಲಿ ನೋಡಿದ್ದೇನೆ ಅಷ್ಟೇ. ಏಳು ನಿಮಿಷ ನಾನೇ ಕಟ್ಟಿದ್ದು. ನಿಮ್ಮ ತಂಗಿಯನ್ನು ಮನೆಗೆ ಹೋಗಲು ಹೇಳಿ."

ಗಾಜಿನ ಹಿಂದೆ ಶೋಭಾ ತಲೆಯ ಮೇಲೆ ಕೈ ಇಟ್ಟುಕೊಂಡಳು. ಮಿರ್ಜಾನ ಹೆಸರನ್ನು ಜಗದೇವಪ್ಪ ಎತ್ತಲಿಲ್ಲ. ಆ ರಹಸ್ಯ ಇನ್ನೂ ಅವನ ಕಿಸೆಯಲ್ಲೇ ಇತ್ತು, ಮಿರ್ಜಾನ ಕೈ ಮಾತ್ರ ಬರಿದಾಗಿತ್ತು. ಅಳಿಯ ಎಲ್ಲೋ ಕೇಳುತ್ತಿದ್ದನೆಂಬುದು ಮಿರ್ಜಾನಿಗೆ ಗೊತ್ತಿತ್ತು.

"ಬೀಬಿ, ನಾನು ದರ್ಜಿ," ಎಂದ. "ಮೇಜರ್ ಅಲ್ಲ. ನಾಲ್ಕೂವರೆ ನನ್ನದು."

ಸತ್ವಂತ್ ಕೌರ್ ಬಯ್ಯಲು ಶುರುಮಾಡಿದಳು. ನಾಚಿಕೆಯಾಗಬೇಕು, ಕೂದಲು ಬೆಳ್ಳಗಾಗಿದೆ, ಮೂರು ವಾರ ನಾನು ಕಣ್ಣು ಮುಚ್ಚಿಲ್ಲ, ನಿಮ್ಮ ತಾಯಂದಿರು ನಿಮಗೆ ಇದನ್ನೇ ಕಲಿಸಿದರೇ ಎಂದು ಪಂಜಾಬಿಯಲ್ಲಿ ಉಸಿರು ಬಿಡದೆ ಬೈದಳು. ಇಬ್ಬರೂ ತಲೆ ತಗ್ಗಿಸಿ "ಹಾಂಜಿ, ಹಾಂಜಿ" ಎನ್ನುತ್ತ ಕೂತರು. ಶೋಭಾ ಲೈನು ಕತ್ತರಿಸಲು ಕೈ ಚಾಚಿದವಳು ದೀಪಗಳನ್ನು ನೋಡಿ ಕೈ ಹಿಂತೆಗೆದಳು. ಎಲ್ಲ ದೀಪಗಳೂ ಹತ್ತಿದ್ದವು. ಲಂಡನ್ನಿನ ಹಿಂದಿ ಬಲ್ಲವರಲ್ಲಿ ಅರ್ಧ ಜನ ತಾವೂ ಬಯ್ಯಲು ಕಾಯುತ್ತಿದ್ದರು.

ಸತ್ವಂತ್ ಕೌರ್ ಕೊನೆಗೆ ಉಸಿರು ತೆಗೆದುಕೊಂಡು, "ಆದರೆ ಬಾಂಬುಗಳು ನಿಜವಲ್ಲವೇ?" ಎಂದು ಸಣ್ಣ ದನಿಯಲ್ಲಿ ಕೇಳಿದಳು.

"ಅವು ನಿಜ, ಬೀಬಿ," ಎಂದ ಮಿರ್ಜಾ.

ಜುಲೈ ಮುಗಿಯುವಷ್ಟರಲ್ಲಿ ಕಾರ್ಗಿಲ್ ಶಿಖರಗಳು ತೆರವಾಗಿ ಯುದ್ಧ ನಿಂತಿತು. ಚಂದ್ರಶೇಖರ್ ಎರಡು ತಿಂಗಳು ಮುಖ ಕೊಟ್ಟು ಮಾತಾಡಲಿಲ್ಲ. "ಸಂಘದ ಮರ್ಯಾದೆ ಹೋಯ್ತು ಸರ್," ಎಂದು ಒಮ್ಮೆ ಫೋನಿನಲ್ಲಿ ಅಂದದ್ದೇ ಕೊನೆ. ಮಿರ್ಜಾನ ಅಳಿಯ ಈಗ ಎದ್ದು ನಿಲ್ಲುವುದಿಲ್ಲ. ಆದರೆ ಮಾವನ ಪಕ್ಕ ಕೂರುತ್ತಾನಂತೆ.

ಶೋಭಾಗೆ ಮಾತ್ರ ಗುರುವಾರದ ಗಂಟೆಯನ್ನು ಏನಾದರೂ ಮಾಡಿ ತುಂಬಬೇಕಿತ್ತು. ಅವಳು ಮನೆಗೆ ಫೋನ್ ಮಾಡಿದಾಗ ಸೌಜನ್ಯಾ ಮಾತಿನ ನಡುವೆ ಅಮ್ಮನ ಮೂವತ್ತು ವರ್ಷದ ನರ್ಸ್ ಕೆಲಸದ ಬಗ್ಗೆ ಬಾಯಿಬಿಟ್ಟಳು. ಸೆಪ್ಟೆಂಬರಿನಿಂದ ಕಾಶವ್ವ ಆರೋಗ್ಯದ ಕಾರ್ಯಕ್ರಮ ನಡೆಸತೊಡಗಿದಳು. ಮೊದಲ ದಿನ ಜಗದೇವಪ್ಪ ಅಡುಗೆಮನೆಯಲ್ಲಿ ರೇಡಿಯೋ ಹಚ್ಚಿ ಹೆಮ್ಮೆಯಿಂದ ಕೂತ.

"ಮಲಬದ್ಧತೆಗೆ ಒಂದು ಉದಾಹರಣೆ ಹೇಳುತ್ತೇನೆ," ಎಂದಳು ಕಾಶವ್ವ, ತನ್ನ ತವರು ಧಾರವಾಡದ ಹಿಂದಿಯಲ್ಲಿ. "ನಮ್ಮ ಮನೆಯಲ್ಲಿ ಒಬ್ಬರಿದ್ದಾರೆ. ಹೆಸರು ಹೇಳುವುದಿಲ್ಲ. ಪೋಖ್ರಾನದವರು."

ಜಗದೇವಪ್ಪ ಫೋನಿಗೆ ಹಾರಿದ. ನಂಬರು ಒತ್ತುತ್ತ, ಅವಳ ಬಾಯಿ ಕಟ್ಟಲು ಏನು ಹೇಳಬಹುದೆಂದು ಯೋಚಿಸಿದ. ಮೂವತ್ತೊಂದು ವರ್ಷದ ಸಂಸಾರವನ್ನು ಮೂಲೆ ಮೂಲೆ ಜಾಲಾಡಿದ. ಅವಳು ಮುಚ್ಚಿಟ್ಟದ್ದು ಒಂದೂ ಸಿಗಲಿಲ್ಲ. ಅವಳು ಎಲ್ಲವನ್ನೂ ಯಾವಾಗಲೂ ಎಲ್ಲರ ಮುಂದೆಯೇ ಹೇಳಿಬಿಟ್ಟಿದ್ದಳು.

ಅವನು ಫೋನು ಕೆಳಗಿಟ್ಟ. ಕಾಶವ್ವ ಗೊರಕೆಯ ವಿಷಯಕ್ಕೆ ಬಂದಿದ್ದಳು.